ಹೈಸ್ಕೂಲಿಗೆ ಸೇರಿದ ಮೈದಾನ

ದಾವಣಗೆರೆಯಲ್ಲಿ ಹೈಸ್ಕೂಲ್ ಮೈದಾನ ಎಲ್ಲಿದೆ ಎಂದರೆ ಆಟೊದವರು ಮರುಪ್ರಶ್ನೆ ಕೇಳದೆ ಕರೆದೊಯ್ಯುತ್ತಾರೆ. ದೀಪಾವಳಿಗೆ ಪಟಾಕಿ ಮಳಿಗೆ ಹಾಕುವುದು ಅಲ್ಲಿ, ಹಿಂದೂ ಮಹಾಗಣಪತಿಯನ್ನು ಕೂರಿಸುವುದು ಅಲ್ಲಿ, ಸಭೆ-ಸಮಾವೇಶಗಳಿಗೆ ಶಾಮಿಯಾನ ಏಳುವುದೂ ಅಲ್ಲಿ. ಕೆಎಸ್‌ಆರ್‌ಟಿಸಿ ನಿಲ್ದಾಣವನ್ನು ಹೊಸದಾಗಿ ಕಟ್ಟುವ ಕಾಲಕ್ಕೆ ಬಸ್ಸುಗಳಿಗೆ ತಾತ್ಕಾಲಿಕ ನೆಲೆ ಸಿಕ್ಕಿದ್ದು ಕೂಡ ಅದೇ ಜಾಗದಲ್ಲಿ. ಇಷ್ಟೆಲ್ಲದರ ನಡುವೆ ಹೆಸರಿನ ಮೊದಲರ್ಧ ಊರಿಗೆ ಮರೆತೇ ಹೋದಂತಿದೆ. ಅದು ಹೈಸ್ಕೂಲಿನ ಮೈದಾನ. ಸರ್ಕಾರಿ ಹೈಸ್ಕೂಲಿಗೆ ಇರುವ ಸೌಲಭ್ಯಗಳನ್ನು ಎಣಿಸುವಾಗ ಕೊಠಡಿ, ಕಂಪ್ಯೂಟರು, ಪ್ರಯೋಗಾಲಯಗಳಿಗಿಂತ ಮೊದಲು ಅದರ ಬಯಲನ್ನು ಹೇಳಬೇಕು, ಮತ್ತು ಆ ಬಯಲನ್ನು ಊರಿನ ಖಾಲಿ ಜಾಗವೆಂದು ಬಳಸಿದಷ್ಟೂ ಮಕ್ಕಳ ಓದಿನ ಒಂದು ಪಾಲು ಕಡಿಮೆಯಾಗುತ್ತದೆ ಎಂಬುದು ಈ ಲೇಖನದ ವಾದ.

ಹೈಸ್ಕೂಲು ಈ ಸೀಮೆಗೆ ಸುಲಭವಾಗಿ ಬಂದ ಸಂಪತ್ತಲ್ಲ. ಮುಂದೆ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರು 1919ರಲ್ಲಿ ದಾವಣಗೆರೆಯ ಆಂಗ್ಲೋ-ವರ್ನಾಕ್ಯುಲರ್ ಶಾಲೆಯಲ್ಲಿದ್ದರು. ಪ್ರೌಢಶಿಕ್ಷಣ ಮುಗಿಸಿದ್ದು 1921ರಲ್ಲಿ, ಚಿತ್ರದುರ್ಗದ ಮುನಿಸಿಪಲ್ ಹೈಸ್ಕೂಲಿನಲ್ಲಿ. ಆಮೇಲೆ ಹತ್ತಿ ಗಿರಣಿಗಳ ದುಡ್ಡು ಬಂತು, ವರ್ತಕರ ದಾನ ಬಂತು. 1951ರಲ್ಲಿ ಬಿಡಿಟಿ ಎಂಜಿನಿಯರಿಂಗ್ ಕಾಲೇಜು, 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 2009ರಲ್ಲಿ ವಿಶ್ವವಿದ್ಯಾಲಯ. ಇಂದಿಗೂ ಮೋತಿ ವೀರಪ್ಪ, ಸೀತಮ್ಮ ಎಂಬ ಹೆಸರುಗಳನ್ನು ಹೊತ್ತ ಸರ್ಕಾರಿ ವಿದ್ಯಾಸಂಸ್ಥೆಗಳು ಇಲ್ಲಿವೆ. ಗಿರಣಿಗಳ ಸದ್ದು ಅಡಗಿದ ಮೇಲೆ ದಾವಣಗೆರೆಯನ್ನು ಜನ ಓದಿನ ಊರೆಂದು ಕರೆಯತೊಡಗಿದರು. ಆದರೆ ಆ ಕೀರ್ತಿಯ ಬಹುಪಾಲು ಖಾಸಗಿ ಕಾಲೇಜುಗಳ ಲೆಕ್ಕಕ್ಕೆ ಹೋಯಿತು. ಆಟೊ ಓಡಿಸುವವರ, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರ ಮಕ್ಕಳನ್ನು ಎಸ್ಸೆಸ್ಸೆಲ್ಸಿ ದಾಟಿಸುತ್ತಿರುವ ಸರ್ಕಾರಿ ಹೈಸ್ಕೂಲಿನ ಮಾತು ಬರುವುದು ಫಲಿತಾಂಶದ ದಿನ ಮಾತ್ರ.

ಸರ್ಕಾರ ಏನೂ ಕೊಟ್ಟಿಲ್ಲ ಎನ್ನುವುದು ಅನ್ಯಾಯದ ಮಾತು. ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟ, 2013ರಿಂದ ಕ್ಷೀರಭಾಗ್ಯದ ಹಾಲು, ಈಚೆಗೆ ಮೊಟ್ಟೆ. ಇವೆಲ್ಲ ಮಕ್ಕಳ ಹೊಟ್ಟೆಗೂ ಚೀಲಕ್ಕೂ ಮುಟ್ಟಿವೆ. 2006-07ರಲ್ಲಿ ಶುರುವಾದ ಎಂಟನೇ ತರಗತಿಯ ಸೈಕಲ್ಲು ಕೋವಿಡ್ ಕಾಲಕ್ಕೆ ನಿಂತಿತು, ಅದೊಂದು ನಷ್ಟ. ಇವು ಇಲಾಖೆ ಕೊಡುವಂಥವು, ತಡವಾದರೂ ಮತ್ತೆ ಕೊಡಬಹುದಾದಂಥವು. ನಗರದ ನಡುವಿನ ನೆಲ ಹಾಗಲ್ಲ. ಎಂಟು ಲೇನಿನ 400 ಮೀಟರ್ ಟ್ರ್ಯಾಕಿಗೆ ಸುಮಾರು 177 ಮೀಟರ್ ಉದ್ದ, 93 ಮೀಟರ್ ಅಗಲ ಬೇಕು. ಹೆಚ್ಚುಕಡಿಮೆ ನಾಲ್ಕು ಎಕರೆ. ಇಂದಿನ ದರದಲ್ಲಿ ಯಾವ ಸರ್ಕಾರವೂ ಶಾಲೆಗೆಂದು ಅಷ್ಟು ಜಾಗವನ್ನು ಪೇಟೆಯೊಳಗೆ ಕೊಳ್ಳಲಾರದು. ಹಿಂದಿನವರು ಬಿಟ್ಟುಹೋದದ್ದನ್ನು ಉಳಿಸಿಕೊಳ್ಳುವುದೊಂದೇ ದಾರಿ.

ಆ ನೆಲದಲ್ಲಿ ಕಲಿಯುವುದೇನು ಎಂದು ತಿಳಿಯಬೇಕಾದರೆ ಕ್ರೀಡಾಕೂಟದ ಹಿಂದಿನ ದಿನ ಪಿ.ಟಿ. ಮೇಷ್ಟ್ರು ಟ್ರ್ಯಾಕ್ ಹಾಕುವುದನ್ನು ಗಮನಿಸಬೇಕು. ಎರಡು ಗೂಟ, ಜಗ್ಗದ ಹಗ್ಗ, ಅಳತೆಯ ಟೇಪು, ಸುಣ್ಣದ ಪುಡಿ, ಸಲಕರಣೆ ಇಷ್ಟೇ. ಗೂಟಕ್ಕೆ ಕಟ್ಟಿದ ಹಗ್ಗವನ್ನು ಬಿಗಿಹಿಡಿದು ಒಬ್ಬ ಹುಡುಗ ಅರ್ಧ ಸುತ್ತು ನಡೆಯುತ್ತಾನೆ, ಇನ್ನೊಬ್ಬ ಅವನ ಹೆಜ್ಜೆಯ ಹಿಂದೆಯೇ ಸುಣ್ಣ ಬಿಡುತ್ತಾ ಬರುತ್ತಾನೆ. ಹಗ್ಗ ಸಡಿಲವಾದರೆ ತಿರುವು ಸೊಟ್ಟಗಾಗುತ್ತದೆ. ಆಮೇಲೆ ನಿಜವಾದ ಲೆಕ್ಕ: ಎರಡನೇ ಲೇನಿನವರನ್ನು ಎಷ್ಟು ಮುಂದೆ ನಿಲ್ಲಿಸಬೇಕು? ಲೇನಿನ ಅಗಲ 1.22 ಮೀಟರ್. ಮೊದಲ ಲೇನಿನ ಓಟವನ್ನು ಒಳಅಂಚಿನಿಂದ 30 ಸೆಂಟಿಮೀಟರ್ ಆಚೆ ಅಳೆಯುತ್ತಾರೆ, ಉಳಿದವನ್ನು ಗೆರೆಯಿಂದ 20 ಸೆಂಟಿಮೀಟರ್ ಆಚೆ. ಹಾಗಾಗಿ ಎರಡೂ ದಾರಿಗಳ ತ್ರಿಜ್ಯದ ವ್ಯತ್ಯಾಸ 1.12 ಮೀಟರ್, ಎರಡು ಪೈಯಿಂದ ಗುಣಿಸಿದರೆ 7.04 ಮೀಟರ್. ಒಂದು ಪೂರ್ತಿ ಸುತ್ತಿನ ಓಟಕ್ಕೆ ಟ್ರ್ಯಾಕು 200 ಮೀಟರಿನದಾಗಲಿ, 400 ಮೀಟರಿನದಾಗಲಿ, ಈ ಅಂತರ ಬದಲಾಗುವುದಿಲ್ಲ. ವೃತ್ತದ ಪಾಠ ಬೋರ್ಡಿನ ಮೇಲೆ ಎಷ್ಟು ಸಲ ನಡೆದರೂ ಹತ್ತದ ಮಗುವಿಗೆ ಸುಣ್ಣದ ಗೆರೆಯ ಮೇಲೆ ನಿಂತಾಗ ಇದು ಕಾಲಿನಿಂದ ಅರ್ಥವಾಗುತ್ತದೆ. ಜಲ್ಲಿ ಹರಡಿ ಬಸ್ಸು ಓಡಿಸಿದ ನೆಲದ ಮೇಲೆ ಗೂಟ ಇಳಿಯುವುದಿಲ್ಲ, ಬರಿಗಾಲಲ್ಲಿ ಓಡುವ ಮಗುವಿಗೆ ಅದು ನೆಲವೇ ಅಲ್ಲ. ಶಾಮಿಯಾನದ ಕಂಬ ಕಿತ್ತ ಗುಂಡಿಯೊಂದು ಸಾಕು, ಓಡುವವರ ಪಾದ ಉಳುಕಲು.

ಊರಿಗೂ ದೊಡ್ಡ ಬಯಲು ಬೇಕಲ್ಲ ಎಂದು ಕೇಳುವವರಿದ್ದಾರೆ. ಬೇಕು, ಅದನ್ನು ಅಲ್ಲಗಳೆಯುವಂತಿಲ್ಲ. ಹಬ್ಬ, ಸಭೆ, ಜಾತ್ರೆಗಳಿಲ್ಲದ ಊರು ಊರಲ್ಲ. ಆದರೆ ಕಾಲ ನೋಡಿ: ಗಣೇಶನ ಹಬ್ಬ, ದಸರಾ ಬರುವ ತಿಂಗಳುಗಳಲ್ಲೇ ಶಾಲೆಗಳ ವಲಯ, ತಾಲ್ಲೂಕು, ಜಿಲ್ಲಾ ಕ್ರೀಡಾಕೂಟಗಳೂ ನಡೆಯುತ್ತವೆ. ರಜೆಯಲ್ಲಿ ಮಾತ್ರ ಬಳಸುತ್ತೇವೆ ಎಂಬ ಸಮಾಧಾನ ಇಲ್ಲಿ ನಿಲ್ಲುವುದಿಲ್ಲ. ಜಿಲ್ಲಾ ಕ್ರೀಡಾಂಗಣ ಇದೆಯಲ್ಲ ಎಂಬುದು ಎರಡನೇ ಮಾತು. ಆಟದ ಪೀರಿಯಡ್ಡು ಮುಕ್ಕಾಲು ಗಂಟೆಯದು. ಅಷ್ಟರಲ್ಲಿ ಮಕ್ಕಳನ್ನು ಸಾಲುಹಿಡಿಸಿ ರಸ್ತೆ ದಾಟಿಸಿ ಕರೆದೊಯ್ದು ವಾಪಸು ತರಲಾಗದು. ಓದಿನ ಮುಂದೆ ಆಟ ದೊಡ್ಡದೇ ಎಂಬುದು ಮೂರನೆಯದು, ಮತ್ತು ಇದನ್ನು ಪೋಷಕರೇ ಹೇಳುತ್ತಾರೆ. ಕರ್ನಾಟಕಕ್ಕೆ 2013-14, 2014-15ರಲ್ಲಿ ಸತತ ಎರಡು ರಣಜಿ ಟ್ರೋಫಿ ಗೆದ್ದುಕೊಟ್ಟ ನಾಯಕ ಆರ್. ವಿನಯ್ ಕುಮಾರ್ ಇದೇ ಊರಿನ ಆಟೊ ಚಾಲಕರ ಮಗ. ಎಲ್ಲರೂ ವಿನಯ್ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಕ್ಲಬ್ಬಿಗೂ ಕೋಚಿಂಗಿಗೂ ಫೀಸು ಕಟ್ಟಲಾರದ ಮನೆಯ ಮಗುವಿಗೆ ಮೈ ಬಿಚ್ಚಿ ಓಡಲು ಶಾಲೆಯ ಬಯಲು ಬಿಟ್ಟರೆ ಬೇರೆ ಜಾಗವಿಲ್ಲ ಎಂಬುದಷ್ಟೇ ಇಲ್ಲಿನ ವಿಷಯ. ಕಾನೂನೂ ಅದನ್ನೇ ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಆಟದ ಮೈದಾನ ಕುಡಿಯುವ ನೀರಿನಷ್ಟೇ ಕಡ್ಡಾಯ, ಎಂಟನೇ ತರಗತಿ ಅದರ ವ್ಯಾಪ್ತಿಯೊಳಗಿದೆ. ಹರಿಯಾಣದ ಹಳ್ಳಿಯೊಂದರ ಶಾಲೆಯ ಜಾಗದ ಒತ್ತುವರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2023ರಲ್ಲಿ ಆಟದ ಮೈದಾನವಿಲ್ಲದೆ ಶಾಲೆ ಇರಕೂಡದು ಎಂದಿತು.

ಹದಿನಾಲ್ಕು ಕಿಲೋಮೀಟರ್ ಆಚೆಯ ಹರಿಹರದ ಸ್ಥಿತಿ ಸ್ವಲ್ಪ ಬೇರೆ. ಅಲ್ಲಿ ಗಾಂಧಿ ಮೈದಾನ ಊರಿಗೇ ಸೇರಿದ್ದು. ಅದೇ ಊರಿನಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತುಗಳನ್ನು ಮಾಡಿ ದೇಶಕ್ಕೆಲ್ಲ ಕಳಿಸಿತು, ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು; ಅಲ್ಲಿನ ಯಂತ್ರಪುರದಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹೆಸರಿನ, ಟ್ರಸ್ಟೊಂದು ನಡೆಸುವ ಶಾಲೆ ಮಾತ್ರ ನಡೆದುಕೊಂಡು ಬಂದಿದೆ. ಅಂಥ ಟ್ರಸ್ಟಿನ ಶಾಲೆಯ ಆವರಣವನ್ನು ಬಸ್ಸುಗಳಿಗೆ ಬಿಟ್ಟುಕೊಡಿ ಎಂದು ಯಾವ ಆಡಳಿತವೂ ಕೇಳಲಾರದು. ಸರ್ಕಾರಿ ಶಾಲೆಯನ್ನು ಕೇಳುವುದೇ ಬೇಕಿಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಬಡವರ ಮಕ್ಕಳ ಜಾಗಕ್ಕೆ ಯಜಮಾನರಿಲ್ಲ ಎಂದುಕೊಂಡಿದ್ದೇವೆ.

ಪೂರ್ತಿ ಬೇಲಿ ಹಾಕಿಬಿಡಿ ಎಂದು ಯಾರೂ ಹೇಳುತ್ತಿಲ್ಲ. ಶಾಲೆಯ ಕ್ರೀಡಾ ವೇಳಾಪಟ್ಟಿ ಮೊದಲು ಬರೆದು, ಉಳಿದ ದಿನಗಳನ್ನು ಊರಿಗೆ ಕೊಡಬಹುದು. ಜಾಗ ಪಡೆದವರಿಂದ ಠೇವಣಿ ಇರಿಸಿಕೊಂಡು, ಜಲ್ಲಿ ಎತ್ತಿಸಿ, ಗುಂಡಿ ಮುಚ್ಚಿಸಿ, ನೀರು ಹಾಯಿಸಿ ರೋಲರ್ ಹೊಡೆಸಿದ ಮೇಲೆ ಹಣ ಮರಳಿಸಬಹುದು. ಬಾಡಿಗೆ ಬಂದರೆ ಅದು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಖಾತೆಗೇ ಹೋಗಲಿ. ಊರಿನ ಲೆಕ್ಕದಲ್ಲಿ ಒಂದೆರಡು ವರ್ಷ ತಾತ್ಕಾಲಿಕವೇ ಇರಬಹುದು. ಎಂಟನೇ ತರಗತಿಗೆ ಸೇರಿದ ಹುಡುಗಿ ಹೈಸ್ಕೂಲಿನಲ್ಲಿರುವುದು ಮೂರೇ ವರ್ಷ. ಮೈದಾನ ಖಾಲಿಯಾಗುವ ಹೊತ್ತಿಗೆ ಅವಳು ಟಿ.ಸಿ. ತೆಗೆದುಕೊಂಡು ಹೋಗಿರುತ್ತಾಳೆ.