ಎಲ್ಲಿಗೂ ಹೋಗದ ಹಳಿ

ಕೆ.ಆರ್. ನಗರದಲ್ಲಿ ಹಾಸನದ ಕಡೆಗೆ ರೈಲು ಹತ್ತಿದವರಿಗೆ ಮೊದಲು ಕಾಣುವುದು ಗದ್ದೆ ಬಯಲು. ಹಳಿಯೂ ಹೆಚ್ಚುಕಡಿಮೆ ಸಮತಟ್ಟು. ಅದೇ ದಾರಿ ಹಿಡಿದು ಮಂಗಳೂರಿಗೆ ಹೊರಟರೆ ಸಕಲೇಶಪುರ ದಾಟಿದ ಮೇಲೆ ನೆಲದ ಗುಣವೇ ಬೇರೆ. ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಘಾಟಿಯಲ್ಲಿ 57 ಸುರಂಗಗಳಿವೆ, ನೂರಕ್ಕೂ ಹೆಚ್ಚು ಸೇತುವೆಗಳಿವೆ. ಇಳಿಜಾರು 50ಕ್ಕೆ 1. ಅಂದರೆ ಐವತ್ತು ಮೀಟರ್ ಸಾಗುವಷ್ಟರಲ್ಲಿ ಒಂದು ಮೀಟರ್ ಕೆಳಗೆ.

ಹೊಲದ ದಾರಿಯ ಎತ್ತಿನಗಾಡಿಗೆ ಇದು ಇಳಿಜಾರೇ ಅಲ್ಲ. ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗ ಎದುರಾಗುವ ತಡೆ ತೀರಾ ಕಡಿಮೆ. ಬಯಲಿನಲ್ಲಿ ರೈಲಿಗೆ ವರವಾದ ಈ ಗುಣ ಘಾಟಿಯಲ್ಲಿ ಅಪಾಯ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಇಳಿಯುತ್ತಿರುವ ರೈಲಿನ ಬ್ರೇಕ್ ಪೂರ್ತಿ ಕೈಕೊಟ್ಟಿತೆಂದುಕೊಳ್ಳಿ. ಲೆಕ್ಕ ಹಾಕಿದರೆ, ಒಂದೇ ಕಿಲೋಮೀಟರಿನಲ್ಲಿ ವೇಗ 70 ದಾಟುತ್ತದೆ. ಮುಂದಿನ ತಿರುವಿನಲ್ಲಿ ಅದು ಹಳಿಯ ಮೇಲೆ ನಿಲ್ಲುವ ಭರವಸೆಯಿಲ್ಲ.

ಅದಕ್ಕೇ ಕಾಡಿನ ನಡುವಿನ ಯಡಕುಮರಿಯಂಥ ಪುಟ್ಟ ನಿಲ್ದಾಣಗಳಲ್ಲಿ ಒಂದು ವಿಚಿತ್ರ ಹಳಿಯಿದೆ. ಮುಖ್ಯ ದಾರಿಯಿಂದ ಕವಲೊಡೆದು ಏರುತ್ತಾ ಹೋಗಿ ಅಲ್ಲೇ ಮುಗಿದುಬಿಡುತ್ತದೆ. ಯಾವ ಊರಿಗೂ ಹೋಗುವುದಿಲ್ಲ. ರೈಲ್ವೆಯವರು ಇದನ್ನು ಕ್ಯಾಚ್ ಸೈಡಿಂಗ್ ಎನ್ನುತ್ತಾರೆ.

ಇದರ ತತ್ವ ತಿಳಿಯಲು ಮರಕ್ಕೆ ಕಟ್ಟಿದ ಉಯ್ಯಾಲೆ ಸಾಕು. ಕೆಳಗೆ ಬಂದಾಗ ಉಯ್ಯಾಲೆಗೆ ಎಲ್ಲಿಲ್ಲದ ವೇಗ. ಮೇಲೇರಿದಂತೆ ಆ ವೇಗವೆಲ್ಲ ಎತ್ತರವಾಗಿ ಬದಲಾಗಿ ಒಂದು ಗಳಿಗೆ ನಿಂತೇಬಿಡುತ್ತದೆ. ಗಂಟೆಗೆ 72 ಕಿ.ಮೀ. ವೇಗದ ರೈಲು ಸುಮಾರು 20 ಮೀಟರ್ ಎತ್ತರ ಏರುವಷ್ಟರಲ್ಲಿ ತನ್ನ ಓಟವನ್ನೆಲ್ಲ ಕಳೆದುಕೊಳ್ಳುತ್ತದೆ. 10ಕ್ಕೆ 1ರ ಏರಿದ್ದರೆ ಅದಕ್ಕೆ 200 ಮೀಟರ್ ಹಳಿ ಸಾಕು. ಇಲ್ಲಿ ರೈಲಿನ ತೂಕ ಲೆಕ್ಕಕ್ಕೇ ಬರುವುದಿಲ್ಲ, ನೂರು ಟನ್ನಿಗೂ ಸಾವಿರ ಟನ್ನಿಗೂ ಅದೇ ಎತ್ತರ. ಬ್ರೇಕ್ ಮಾಡಲಾಗದ ಕೆಲಸವನ್ನು ಭೂಮಿಯ ಸೆಳೆತವೇ ಮಾಡಿಕೊಡುತ್ತದೆ.

ಇದಕ್ಕಿಂತ ಜಾಣತನದ್ದು ಪಾಯಿಂಟಿನ ಏರ್ಪಾಡು. ಪಾಯಿಂಟ್ ಎಂದರೆ ರೈಲನ್ನು ಈ ಹಳಿಯಿಂದ ಆ ಹಳಿಗೆ ತಿರುಗಿಸುವ ಜೋಡಿ ನಾಲಿಗೆ. ಅದು ಸದಾ ಕವಲಿನ ಕಡೆಗೇ ತಿರುಗಿರುತ್ತದೆ. ಇಳಿದು ಬರುವ ರೈಲು ಸಿಗ್ನಲ್ ಮುಂದೆ ಪೂರ್ತಿ ನಿಂತು, ಬ್ರೇಕ್ ತನ್ನ ಹಿಡಿತದಲ್ಲಿದೆ ಎಂದು ತೋರಿಸಬೇಕು. ಆಮೇಲಷ್ಟೇ ಮುಖ್ಯ ಹಳಿ ಕೂಡಿಕೊಳ್ಳುತ್ತದೆ, ಸಿಗ್ನಲ್ ಬೀಳುತ್ತದೆ. ನಿಲ್ಲಲಾಗದ ರೈಲಿಗೆ ಆ ಹೊತ್ತಿನಲ್ಲಿ ಯಾರೂ ಓಡಿಬಂದು ದಾರಿ ಬದಲಿಸಬೇಕಿಲ್ಲ. ಅದು ತಾನಾಗಿ ಏರು ಹಳಿಗೆ ಹೋಗುತ್ತದೆ.

ಬೆಟ್ಟದ ದಾರಿಯಲ್ಲಿ ರೈಲು ನಿಲ್ಲಲು ಬೇರೆ ಕಾರಣವೂ ಇರಬಹುದು. ಜಪಾನಿನ ಹಕೋನೆ ಬೆಟ್ಟದಲ್ಲಿ ಖಾಸಗಿ ಕಂಪನಿಯೊಂದು ನಡೆಸುವ, 1919ರಲ್ಲಿ ಶುರುವಾದ ಮಾರ್ಗವಿದೆ. ಅದರ ಏರು ಕೆಲವೆಡೆ 12.5ಕ್ಕೆ 1, ನಮ್ಮ ಘಾಟಿಗಿಂತ ನಾಲ್ಕು ಪಟ್ಟು ಕಡಿದು. ಅಲ್ಲಿನ ಓಹಿರಾದೈ ಎಂಬ ಪುಟ್ಟ ನಿಲ್ದಾಣದಲ್ಲಿ ರೈಲು ನಿಲ್ಲುತ್ತದೆ. ಚಾಲಕ ಇಳಿದು, ಪ್ಲಾಟ್‌ಫಾರ್ಮಿನುದ್ದಕ್ಕೂ ನಡೆದು ಇನ್ನೊಂದು ತುದಿಯಲ್ಲಿ ಕೂರುತ್ತಾನೆ. ಬಾಲವಾಗಿದ್ದದ್ದು ತಲೆಯಾಗಿ, ಬೇರೊಂದು ಹಳಿಯಲ್ಲಿ ಗುಡ್ಡ ಏರುತ್ತದೆ. ಅಲ್ಲಿ ನಿಲ್ಲುವುದು ಏರಲಿಕ್ಕೆ. ಇಲ್ಲಿ ನಿಲ್ಲುವುದು ಕ್ಷೇಮವಾಗಿ ಇಳಿಯಲಿಕ್ಕೆ.

ಘಾಟಿಯಲ್ಲಿ ಹತ್ತುವವರೂ ಇಳಿಯುವವರೂ ಇಲ್ಲದ ನಿಲ್ದಾಣದಲ್ಲಿ ರೈಲು ಸುಮ್ಮನೆ ನಿಂತಾಗ ನಮಗೆ ಬೇಸರ ಬರುತ್ತದೆ. ಮುಂದಿನ ಸಲ ಕಿಟಕಿಯಿಂದ ಆ ಹಳಿಯನ್ನು ಹುಡುಕಿ. ಅದರ ಮೇಲೆ ತುಕ್ಕು ಕಂಡರೆ ಸಂತೋಷಪಡಿ: ನಮ್ಮ ರೈಲುಗಳೆಲ್ಲ ನಿಲ್ಲಬೇಕಾದಲ್ಲಿ ನಿಂತಿವೆ.