ಪಡಸಾಲೆಯಿಂದ ಮಠದವರೆಗೆ

ಬೆಳಗಾವಿ ಜಿಲ್ಲೆಯ ನೇಸರಗಿಗೆ ಹತ್ತಿರದ ದೇಶನೂರಿನಲ್ಲಿ ಒಂದು ವಿರಕ್ತಮಠವಿದೆ. ಅಲ್ಲಿನ ಸ್ವಾಮಿಗಳು ಕಾವಿ ಉಡುತ್ತಾರೆ, ಸಸ್ಯಾಹಾರಿಗಳು. ಭಕ್ತರು ನೆಲದ ಮೇಲೆ ಕೂಡುತ್ತಾರೆ. ಅದು ಸ್ನಾನಿಕ ಅರುಳಪ್ಪನ (ಸ್ನಾನಿಕ ಯೋಹಾನನ) ಹೆಸರಿನ ಕ್ಯಾಥೊಲಿಕ್ ದೇವಾಲಯ. ಯೇಸುಸಭೆಯ ಗುರುಗಳು ಈ ಸೀಮೆಯ ಲಿಂಗಾಯತ ಮಠದ ರೀತಿಯನ್ನೇ ತಮ್ಮದಾಗಿಸಿಕೊಂಡು ಕಟ್ಟಿದ ನೆಲೆ.

2019ರಲ್ಲಿ ಬೆಳಗಾವಿಯ ಬಿಷಪ್ ಡೆರಿಕ್ ಫರ್ನಾಂಡಿಸ್ ಇಲ್ಲಿ ಕಾವಿ ತೊಟ್ಟು ಬಲಿಪೂಜೆ ಅರ್ಪಿಸಿದ ಚಿತ್ರಗಳು ಹರಿದಾಡಿದಾಗ, ಕ್ರೈಸ್ತರಲ್ಲೇ ಕೆಲವರು ಆಕ್ಷೇಪವೆತ್ತಿದರು. ಚರ್ಚ್ ಎಂದರೆ ಹೀಗಿರುತ್ತದೆಯೇ?

ಹಾಗಾದರೆ ಮೊದಲ ಚರ್ಚ್ ಹೇಗಿತ್ತು? ಅದು ಮನೆಯಾಗಿತ್ತು. ಸಂತ ಪೌಲ ರೋಮಿನವರಿಗೆ ಬರೆದ ಪತ್ರದಲ್ಲಿ ಪ್ರಿಸ್ಕ ಮತ್ತು ಅಕ್ವಿಲ ದಂಪತಿಯ ಮನೆಯಲ್ಲಿ ಕೂಡುವ ಸಭೆಗೆ ವಂದನೆ ಹೇಳುತ್ತಾನೆ. ಚರ್ಚಿಗೆ ಗ್ರೀಕಿನಲ್ಲಿ ಬಳಸಿದ 'ಎಕ್ಲೇಸಿಯ' ಎಂಬ ಮಾತಿಗೆ ಅರ್ಥವೇ ಸಭೆ. ಕರಾವಳಿಯವರು ಚರ್ಚಿಗೆ ಹೇಳುವ 'ಇಗರ್ಜಿ' ಹುಟ್ಟಿದ್ದೂ ಅದೇ ಮಾತಿನಿಂದ, ಪೋರ್ಚುಗೀಸರ ಮೂಲಕ.

ಅಂಥ ಒಂದು ಮನೆಯ ಗುರುತು ಸಿಕ್ಕಿದೆ. ಸಿರಿಯಾದಲ್ಲಿ ಯೂಫ್ರೆಟಿಸ್ ದಂಡೆಯ ದುರಾ ಯುರೋಪೋಸ್ ಊರಿನಲ್ಲಿ, ಮೂರನೆಯ ಶತಮಾನದ ಮೊದಲರ್ಧದಲ್ಲಿ, ನಡುವೆ ಅಂಗಳವಿದ್ದ ಸಾಧಾರಣ ಮನೆಯೊಂದರ ಎರಡು ಕೋಣೆಗಳ ನಡುಗೋಡೆ ಕೆಡವಿ ಪಡಸಾಲೆ ಮಾಡಿದರು. ಇನ್ನೊಂದು ಕೋಣೆಯಲ್ಲಿ ದೀಕ್ಷಾಸ್ನಾನದ ತೊಟ್ಟಿ ಕಟ್ಟಿ, ಗೋಡೆಗೆ ಕುರಿ ಹೊತ್ತ ಕುರುಬನ ಚಿತ್ರ ಬರೆಸಿದರು. ಸುಮಾರು 256ರಲ್ಲಿ ಪರ್ಷಿಯನ್ನರು ಮುತ್ತಿದಾಗ, ಕೋಟೆಗೋಡೆಗೆ ಆನಿಕೆಯಾಗಲೆಂದು ಊರು ಕಾಯುತ್ತಿದ್ದವರು ಅದರ ಪಕ್ಕದ ಮನೆಗಳಲ್ಲಿ, ಈ ಮನೆಯಲ್ಲೂ, ಮಣ್ಣು ತುಂಬಿದರು. ಊರು ಉಳಿಯಲಿಲ್ಲ. ಆ ಮಣ್ಣಿನಡಿ ಚಿತ್ರಗಳು ಉಳಿದವು. 1930ರ ದಶಕದ ಆರಂಭದ ಉತ್ಖನನದಲ್ಲಿ ಅವು ಬೆಳಕಿಗೆ ಬಂದವು.

313ರಲ್ಲಿ ಕಾನ್‌ಸ್ಟಂಟೈನ್ ಕಾಲಕ್ಕೆ ಕ್ರೈಸ್ತರಿಗೆ ಬಹಿರಂಗ ಆರಾಧನೆಯ ಹಕ್ಕು ಸಿಕ್ಕಿತು. ದೊಡ್ಡ ಕಟ್ಟಡಗಳು ಎದ್ದವು. ಅವರು ಮಾದರಿಯಾಗಿ ಆರಿಸಿಕೊಂಡದ್ದು ರೋಮನ್ನರ ಗುಡಿಯನ್ನಲ್ಲ. ನ್ಯಾಯ ತೀರ್ಮಾನ, ವ್ಯಾಪಾರ ನಡೆಯುತ್ತಿದ್ದ 'ಬೆಸಿಲಿಕಾ' ಎಂಬ ಸಾರ್ವಜನಿಕ ಚಾವಡಿಯನ್ನು. ಜನ ಒಳಗೆ ಸೇರಿ ಕೂಡುವುದಕ್ಕೆ ಅದೇ ಅನುಕೂಲವಾಗಿತ್ತು. ಉದ್ದನೆಯ ಹಜಾರ, ಕಂಬಸಾಲು, ಕೊನೆಗೆ ಪೀಠ ಎಂದು ನಾವು ಚರ್ಚಿನದೇ ಎಂದುಕೊಂಡಿರುವ ರೂಪ ಬಂದದ್ದು ಅಲ್ಲಿಂದ.

ರೋಮಿನವರು ತಮ್ಮೂರಿನ ಚಾವಡಿಯನ್ನು ತೆಗೆದುಕೊಂಡರು, ದೇಶನೂರಿನವರು ತಮ್ಮ ಸೀಮೆಯ ಮಠವನ್ನು. ಎರಡಕ್ಕೂ ಒಂದೇ ನ್ಯಾಯ. ಸ್ಥಳೀಯ ಭಾಷೆ, ಸಂಸ್ಕೃತಿಗಳಿಗೆ ಆರಾಧನೆಯಲ್ಲಿ ಎಡೆ ಕೊಟ್ಟ ಎರಡನೆಯ ವ್ಯಾಟಿಕನ್ ಮಹಾಸಭೆ (1962–65) ಇಂಥ ಪ್ರಯತ್ನಗಳಿಗೆ ಬಲ ತಂದಿತು. ದೇಶನೂರಿನ ಮಠ ಕ್ರೈಸ್ತ ಪರಂಪರೆಗೆ ಹೊರತಾದುದಲ್ಲ, ಅದರ ಅತಿ ಹಳೆಯ ರೂಢಿಗೆ ಸೇರಿದ್ದು.

ನೇಸರಗಿ ಕಡೆ ಹೋದರೆ ದೇಶನೂರಿಗೂ ಹೋಗಿ, ನೆಲದ ಮೇಲೆ ಒಂದಿಷ್ಟು ಹೊತ್ತು ಕುಳಿತು ಬನ್ನಿ.