ಅಂಗಕ್ಕೆ ಊನವೆಂಬುದುಂಟೆ?

ಬೇಸಿಗೆಯ ರಜೆ ಮುಗಿದು ಶಾಲೆಯ ಬಾಗಿಲು ತೆರೆಯುವ ದಿನಗಳಲ್ಲಿ ಹಳ್ಳಿಯ ಹಿರಿಯರು ಮೊಮ್ಮಕ್ಕಳ ಕೈಹಿಡಿದು ಹೆಡ್‌ಮಾಸ್ತರರ ಮುಂದೆ ನಿಲ್ಲುವುದುಂಟು. ಹೆಸರು ಹಚ್ಚಿಸಿ, ಹೊಸ ಪಾಟಿಚೀಲ ಕೊಡಿಸಿ, ಶ್ರೀಮಠಕ್ಕೆ ಬಂದು ಗದ್ದುಗೆಗೆ ಹಣೆ ಹಚ್ಚಿಸಿ ಮನೆಗೆ ಮರಳುತ್ತಾರೆ. ಆದರೆ ಎಷ್ಟೋ ಮನೆಗಳಲ್ಲಿ ಒಂದು ಕೂಸು ಮಾತ್ರ ಕಟ್ಟೆಯ ಮೇಲೆಯೇ ಉಳಿದುಬಿಡುತ್ತದೆ. ಕಾಲು ಸೊಟ್ಟಗಿದ್ದದ್ದು, ಕಣ್ಣು ಮಂದವಾದದ್ದು, ಕಿವಿ ಕೇಳದ್ದು, ಮಾತು ತಡವಾಗಿ ಬಂದದ್ದು. ಕೇಳಿದರೆ, “ಸಾಲಿಗಿ ಕಳಿಸಿ ಏನ ಮಾಡೂದೈತ್ರೀ, ಹುಡುಗರು ಆಡಿಕೊಂಡು ನಗತಾವ, ಮನ್ಯಾಗ ಇದ್ರ ನಾಕು ಮಂದಿ ಕಣ್ಣ ಮುಂದ ಇರತೈತಿ” ಎನ್ನುತ್ತಾರೆ. ಇದು ಕಠೋರತೆಯ ಮಾತಲ್ಲ, ಮಮತೆಯ ಮಾತು. ಅವರ ಅಂಜಿಕೆಯೂ ಸುಳ್ಳಲ್ಲ. ಶಾಲೆಯ ಅಂಗಳದಲ್ಲಿ ಆ ಮಗುವಿಗೆ ತಂದೆ-ತಾಯಿ ಇಟ್ಟ ಹೆಸರು ಒಂದು ವಾರವೂ ಉಳಿಯುವುದಿಲ್ಲ. ಕುಂಟ, ಕುಳ್ಳ, ಕುರುಡಿ, ಮೂಕ ಎಂಬ ಹೊಸ ನಾಮಕರಣವಾಗಿಬಿಡುತ್ತದೆ.

ಈ ನಾಮಕರಣವನ್ನು ಮಕ್ಕಳು ಎಲ್ಲಿಂದ ಕಲಿತರೆಂದು ವಿಚಾರಿಸಬೇಕು. ಪಠ್ಯಪುಸ್ತಕದಲ್ಲಂತೂ ಇಲ್ಲ. ನಮ್ಮ ಅಗಸಿಕಟ್ಟೆಯ ಮೇಲೆ, ಗಿರಣಿಯ ಮುಂದೆ, ಸಂತೆಯಲ್ಲಿ ನಾವು ಹಿರಿಯರು ಆಡಿದ ಮಾತನ್ನೇ ಅವು ಹೆಕ್ಕಿಕೊಂಡಿರುತ್ತವೆ. ಇದರ ಜೊತೆಗೆ ನಾವು ಧರ್ಮದ ಹೆಸರಿನಲ್ಲಿ ಇನ್ನೊಂದು ಮಾತನ್ನೂ ಸೇರಿಸುತ್ತೇವೆ: “ಹಿಂದಿನ ಜನ್ಮದ ಕರ್ಮ, ಅನುಭವಿಸಬೇಕು.” ಒಂಬತ್ತು ವರ್ಷದ ಮಗು ತಾನು ಯಾವುದೋ ಜನ್ಮದಲ್ಲಿ ಪಾಪ ಮಾಡಿ ಬಂದವನೆಂದು ನಂಬಿ ತರಗತಿಯ ಕೊನೆಯ ಸಾಲಿನಲ್ಲಿ ತಲೆತಗ್ಗಿಸಿ ಕುಳಿತರೆ, ಅದಕ್ಕೆ ಅಕ್ಷರ ಹತ್ತೀತೆ?

ವೀರಶೈವ ಧರ್ಮದಲ್ಲಿ ಈ ಮಾತಿಗೆ ಆಧಾರ ದೊರೆಯುವುದು ಕಷ್ಟ. ದೀಕ್ಷೆ ಪಡೆದು ಲಿಂಗವಂತನಾದವನ ಪೂರ್ವಾಶ್ರಯವನ್ನು ಅರಸಲಾಗದೆಂಬುದು ನಮ್ಮ ಹಿರಿಯರ ಖಂಡಿತವಾದ ಕಟ್ಟಳೆ. ಭಕ್ತನಾಗುವ ಮುನ್ನ ಯಾವ ಕುಲದವನಾಗಿದ್ದನೆಂದು ಕೇಳುವುದೇ ಅಪರಾಧವೆಂದ ಧರ್ಮದಲ್ಲಿ, ಹುಟ್ಟುವ ಮುನ್ನ ಏನು ಮಾಡಿದ್ದನೆಂದು ಕೇಳುವ ಅಧಿಕಾರ ನಮಗೆಲ್ಲಿಂದ ಬಂತು? ಕೂಸು ಗರ್ಭದಲ್ಲಿರುವಾಗಲೇ ಅದಕ್ಕೆಂದು ತಾಯಿಗೆ ಲಿಂಗಧಾರಣೆ ಮಾಡಿಸುವ ಸಂಪ್ರದಾಯ ನಮ್ಮಲ್ಲಿದೆ. ಆಗ ಗುರುವು ಆ ಕೂಸಿನ ಕೈಕಾಲು ನೆಟ್ಟಗಿವೆಯೋ ಇಲ್ಲವೋ ಎಂದು ನೋಡಬಲ್ಲನೆ? ನೋಡದೆಯೇ ಒಪ್ಪಿಕೊಂಡಿರುತ್ತಾನೆ.

‘ಅಂಗ’ ಎಂಬ ಶಬ್ದವನ್ನೂ ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಲೋಕದ ಮಾತಿನಲ್ಲಿ ಅಂಗವೆಂದರೆ ಕೈ, ಕಾಲು, ಕಣ್ಣು. ಷಟ್‌ಸ್ಥಲ ಸಿದ್ಧಾಂತದಲ್ಲಿ ಅದರ ಅರ್ಥವೇ ಬೇರೆ. ಅಲ್ಲಿ ಲಿಂಗವು ಉಪಾಸ್ಯ, ಅಂಗವು ಉಪಾಸಕ. ಲಿಂಗದೊಡನೆ ಸಮರಸವಾಗಲು ಹೊರಟ ಜೀವಾತ್ಮನಿಗೇ ಅಂಗವೆಂದು ಹೆಸರು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳನ್ನು ಏರುವುದು ಈ ಅಂಗವೇ ಹೊರತು ಮೊಣಕಾಲಲ್ಲ. ಆದ್ದರಿಂದ ಕಾಲು ಬತ್ತಿದವನ ದೇಹಕ್ಕೆ ಊನವಿದೆಯೆಂದರೆ ಒಪ್ಪಬಹುದು, ಅಂಗಕ್ಕೆ ಊನವಿದೆಯೆಂದರೆ ಒಪ್ಪಲಾಗದು. ಕಣ್ಣಿಲ್ಲದವನ ಕರಸ್ಥಲಕ್ಕೂ ಇಷ್ಟಲಿಂಗ ಬರುತ್ತದೆ. ಅವನು ಬೆರಳಿನಿಂದಲೇ ಅದರ ಕಾಂತಿಯನ್ನು ಅರಿಯುತ್ತಾನೆ. ಕಣ್ಣಿದ್ದೂ ಪೂಜೆಯ ವೇಳೆಗೆ ಗೋಡೆಯ ಗಡಿಯಾರ ನೋಡುವವರಿಗಿಂತ ಅವನ ಪೂಜೆ ಕಡಿಮೆಯದೇನಲ್ಲ.

ಇದಕ್ಕೆ ಪುರಾಣದ ಸಾಕ್ಷಿ ಬೇಕಿಲ್ಲ, ಗದುಗಿನ ವೀರೇಶ್ವರ ಪುಣ್ಯಾಶ್ರಮವೇ ಸಾಕ್ಷಿಯಾಗಿ ನಿಂತಿದೆ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯನೂ ಅವನ ಅಣ್ಣ ಗುರುಬಸಯ್ಯನೂ ಹುಟ್ಟು ಅಂಧರು. ಶಿವಯೋಗ ಮಂದಿರದ ಸಂಸ್ಥಾಪಕರಾದ ಹಾನಗಲ್ಲ ಕುಮಾರ ಮಹಾಸ್ವಾಮಿಗಳು ಈ ಬಾಲಕರ ಹಾಡು ಕೇಳಿ ಮನಸೋತರು. ‘ಅಯ್ಯೋ ಪಾಪ’ ಎಂದು ಕೈಗೆ ಕಾಸು ಹಾಕಿ ಮುಂದೆ ನಡೆದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಮಹಾಸ್ವಾಮಿಗಳು ಹಾಗೆ ಮಾಡಲಿಲ್ಲ, ಸಂಗೀತ ಕಲಿಸುವ ವ್ಯವಸ್ಥೆ ಮಾಡಿದರು. ಆ ಗದಿಗೆಯ್ಯನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳಾದರು. ಅವರು ತಮ್ಮ ಶಿಷ್ಯ ಪರಿವಾರದಲ್ಲಿ ಕಣ್ಣಿದ್ದವರು, ಇಲ್ಲದವರು ಎಂದು ಎರಡು ಸಾಲು ಮಾಡಲಿಲ್ಲ. ದೃಷ್ಟಿಯುಳ್ಳ ಬಸವರಾಜ ರಾಜಗುರುಗಳೂ ದೃಷ್ಟಿಯಿಲ್ಲದ ಪುಟ್ಟರಾಜರೂ ಅದೇ ಗುರುವಿನ ಬಳಿ ಕಲಿತವರು. ಇಬ್ಬರಿಗೂ ಪದ್ಮಭೂಷಣ ಬಂತು, ಒಬ್ಬರಿಗೆ 1991ರಲ್ಲಿ, ಇನ್ನೊಬ್ಬರಿಗೆ 2010ರಲ್ಲಿ. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಕವಿ ಗವಾಯಿಗಳು ಆಶ್ರಮದ ಭಾರ ಹೊತ್ತರು. ಕನ್ನಡ, ಸಂಸ್ಕೃತ, ಹಿಂದಿ ಮೂರೂ ಭಾಷೆಗಳಲ್ಲಿ ಕೃತಿ ರಚಿಸಿದರು. ಭಕ್ತರು ಮಾಡಿದ ತುಲಾಭಾರದ ನಾಣ್ಯವನ್ನೆಲ್ಲ ಅಂಧ-ಅನಾಥ ಮಕ್ಕಳ ಅನ್ನಕ್ಕೆ ಹಾಕಿ, 2010ರ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾದರು.

ಗವಾಯಿಗಳ ಹೆಸರು ಹೇಳಿ, “ನಿಮ್ಮ ಹುಡುಗನಿಗೂ ಸಂಗೀತ ಕಲಿಸಿ” ಎಂದು ಉಪದೇಶಿಸುವವರು ಬಹಳ. ಕಣ್ಣಿಲ್ಲದವರಿಗೆಲ್ಲ ಕಂಠವಿರಬೇಕೆಂದು ಶಿವನೇನು ಬರೆದುಕೊಟ್ಟಿಲ್ಲ. ಒಬ್ಬನಿಗೆ ಲೆಕ್ಕ ಬರುತ್ತದೆ, ಒಬ್ಬಳಿಗೆ ಕಸೂತಿ ಬರುತ್ತದೆ, ಇನ್ನೊಬ್ಬನಿಗೆ ಎಲ್ಲ ಮಕ್ಕಳಂತೆ ಸಾಧಾರಣವಾಗಿ ಎಲ್ಲವೂ ಬರುತ್ತದೆ. ಸಾಧಾರಣವಾಗಿ ಓದಿ ಪಾಸಾಗುವ ಹಕ್ಕೂ ಆ ಮಗುವಿಗಿದೆ. ಸುತ್ತೂರು ಶ್ರೀಮಠದ ವಿದ್ಯಾಪೀಠವು 1991ರಲ್ಲಿ ಮೈಸೂರಿನಲ್ಲಿ ಅಂಗವಿಕಲರಿಗಾಗಿಯೇ ಪಾಲಿಟೆಕ್ನಿಕ್ ತೆರೆದದ್ದು ಈ ತಿಳಿವಳಿಕೆಯಿಂದಲೇ ಇರಬೇಕು.

ಪ್ರತ್ಯೇಕ ಶಾಲೆಗಳು ಬೇಡವೆಂದಲ್ಲ. ಬ್ರೈಲ್ ಲಿಪಿಯನ್ನೋ ಸನ್ನೆಭಾಷೆಯನ್ನೋ ಕ್ರಮವಾಗಿ ಕಲಿಯಬೇಕಾದ ಮಗುವಿಗೆ ಅವು ಬೇಕೇಬೇಕು. ಆದರೆ ಒಂದು ಕಾಲು ಎಳೆದು ನಡೆಯುವವನನ್ನು, ಮುಂದಿನ ಸಾಲಿನಲ್ಲಿ ಕೂರಿಸಿದರೆ ಹಲಗೆ ಕಾಣುವವಳನ್ನು ಊರು ಬಿಡಿಸಿ ದೂರದ ವಸತಿಶಾಲೆಗೆ ಹಾಕುವುದೇಕೆ? ಊರಿನ ಮಕ್ಕಳೊಡನೆ ಬೆಳೆದವನು ನಾಳೆ ಊರಿನವನೇ ಆಗುತ್ತಾನೆ. ಸರಕಾರದ ಕಾನೂನೂ ಇದನ್ನೇ ಹೇಳುತ್ತದೆ. 1995ರ ಕಾಯ್ದೆಯ ಜಾಗದಲ್ಲಿ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ನೆರೆಯ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆ ಮಗುವಿನದು. ಅವಮಾನ ಮಾಡಬೇಕೆಂದೇ ನಾಲ್ಕು ಜನರ ಎದುರು ಅಂಥವರನ್ನು ಹೀಗಳೆದರೆ ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆಮನೆಯ ಶಿಕ್ಷೆಯಿದೆಯೆಂಬುದು ಅಗಸಿಕಟ್ಟೆಯ ಹಿರಿಯರಿಗೂ ತಿಳಿದಿರಲಿ. 2011ರ ಜನಗಣತಿಯಲ್ಲಿ ನಮ್ಮ ರಾಜ್ಯವೊಂದರಲ್ಲೇ ಹದಿಮೂರು ಲಕ್ಷಕ್ಕೂ ಹೆಚ್ಚು ಅಂಗವಿಕಲರು ಎಣಿಕೆಗೆ ಸಿಕ್ಕಿದ್ದರು.

ಕಾನೂನು ಮಗುವನ್ನು ಶಾಲೆಯ ಬಾಗಿಲೊಳಗೆ ತರಬಲ್ಲದು, ಗೆಳೆಯರ ಗುಂಪಿನೊಳಗೆ ತರಲಾರದು. ಅದಕ್ಕೆ ನಮ್ಮವರು ಕಂಡುಕೊಂಡ ದಾರಿಗಳು ಎರಡು, ದಾಸೋಹ ಮತ್ತು ಕಾಯಕ. ಮಧ್ಯಾಹ್ನದ ಬಿಸಿಯೂಟಕ್ಕೆ ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹವೆಂದೇ ಹೆಸರು. ದಾಸೋಹವೆಂದ ಮೇಲೆ ಒಂದೇ ಪಂಕ್ತಿಯಾಗಬೇಕು. “ಅವನಿಗೆ ಬರಲಿಕ್ಕಾಗದು, ತಟ್ಟೆ ಅಲ್ಲೇ ಕೊಟ್ಟುಬಿಡಿ” ಎಂದು ತರಗತಿಯ ಕೋಣೆಯಲ್ಲಿ ಒಬ್ಬನನ್ನೇ ಕೂರಿಸಿ ಉಣಿಸುವುದು ಕರುಣೆಯಂತೆ ಕಂಡರೂ ಅದು ಪಂಕ್ತಿಭೇದವೇ. ಪಂಕ್ತಿಯನ್ನೇ ಅವನಿದ್ದಲ್ಲಿಗೆ ಸರಿಸಿದರಾಯಿತು. ಕಾಯಕದ ಮಾತೂ ಹಾಗೆಯೇ. ಗಂಟೆ ಬಾರಿಸುವ, ಹಾಜರಿ ಪುಸ್ತಕ ತರುವ, ಪ್ರಾರ್ಥನೆ ಹೇಳಿಕೊಡುವ, ಗಿಡಕ್ಕೆ ನೀರು ಹಾಕುವ ಕೆಲಸಗಳಲ್ಲಿ ಆ ಮಗುವಿಗೂ ಪಾಳಿ ಬರಬೇಕು. ನೀರು ಸ್ವಲ್ಪ ಚೆಲ್ಲೀತು, ಗಂಟೆ ಒಂದು ನಿಮಿಷ ತಡವಾದೀತು. ತಾನು ಮಾಡಿದ್ದು ನಾಲ್ಕು ಜನರಿಗೆ ಉಪಯೋಗವಾಯಿತೆಂದು ಕಂಡಾಗ ಬರುವ ಧೈರ್ಯವನ್ನು ಯಾವ ಹೊಗಳಿಕೆಯೂ ಕೊಡಲಾರದು. ಮನೆಯಲ್ಲಿಯೂ ಅಜ್ಜಿಯರು ತುತ್ತು ಮಾಡಿ ಬಾಯಿಗಿಡುವುದನ್ನು ಬಿಟ್ಟು, ಹಿತ್ತಲಿಂದ ಕೊತ್ತಂಬರಿ ತರಲು ಕಳಿಸಲಿ.

ಭಕ್ತಾದಿಗಳು ಕೂಡಲೇ ಮಾಡಬಹುದಾದ ಕೆಲಸಗಳೂ ಕೆಲವಿವೆ. ಶಾಲೆಯ ಮೆಟ್ಟಿಲ ಪಕ್ಕ ಇಳಿಜಾರು ಕಟ್ಟಲು ಒಂದು ಟ್ರ್ಯಾಕ್ಟರ್ ಉಸುಕು, ನಾಲ್ಕು ಚೀಲ ಸಿಮೆಂಟು, ಗೌಂಡಿಯ ಎರಡು ದಿನದ ಪಗಾರ ಸಾಕು. ಜಾತ್ರೆಯ ಒಂದು ಹೊತ್ತಿನ ಪಟಾಕಿ ಉಳಿಸಿದರೆ ಅದು ಹುಟ್ಟುತ್ತದೆ. ಶೌಚಾಲಯದ ಗೋಡೆಗೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಸಲಾಕೆ ಬೇಕು. ಹೆಣ್ಣುಮಕ್ಕಳು ಶಾಲೆ ಬಿಡಲು ಇದಿಲ್ಲದಿರುವುದೂ ಒಂದು ಕಾರಣ, ಆದರೆ ಬಾಯಿಬಿಟ್ಟು ಹೇಳುವವರಿಲ್ಲ. ವೈದ್ಯರ ಪ್ರಮಾಣಪತ್ರ, ಗುರುತಿನ ಚೀಟಿ ಮಾಡಿಸಲು ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರನ್ನು ಕಾಣಬೇಕು. ಹತ್ತನೆಯ ತರಗತಿಯ ಪರೀಕ್ಷೆಗೆ ಹೆಚ್ಚಿನ ಸಮಯವೂ, ಕೈಯಿಂದ ಬರೆಯಲಾಗದವರಿಗೆ ಬರೆದುಕೊಡುವ ಸಹಾಯಕರೂ ದೊರೆಯುತ್ತಾರೆ. ಸಹಾಯಕರು ಸಾಮಾನ್ಯವಾಗಿ ಕೆಳಗಿನ ತರಗತಿಯ ವಿದ್ಯಾರ್ಥಿಗಳಾಗಿರುತ್ತಾರೆ. ಆದ್ದರಿಂದ ಉತ್ತರ ಆ ಮಗುವಿನದೇ, ಅಕ್ಷರ ಮಾತ್ರ ಅವರದು. “ಬೇರೆಯವರು ಬರೆದು ಪಾಸು ಮಾಡಿಸಿದರು” ಎಂದು ಊರಲ್ಲಿ ಆಡಿಕೊಳ್ಳುವವರಿಗೆ ಇದನ್ನು ಬಿಡಿಸಿ ಹೇಳಬೇಕು. ಅರ್ಜಿಯನ್ನು ಪರೀಕ್ಷೆ ಹತ್ತಿರ ಬಂದಾಗ ಹುಡುಕದೆ, ಹೆಡ್‌ಮಾಸ್ತರರ ಮೂಲಕ ವರ್ಷದ ಆರಂಭದಲ್ಲಿಯೇ ವಿಚಾರಿಸಿಡುವುದು ಲೇಸು.